ಎಟಿಪಿ ಎಂದರೆ ಟಿಬಿ ಅಲ್ಲ

ನಾನು ರೋಣದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಎಟಿಪಿ ಪಾಠ ಬಂದಾಗಲೆಲ್ಲ, “ಇದು ಜೀವಕೋಶದ ರೊಟ್ಟಿ. ಇದಿಲ್ಲಂದ್ರ ಅದರ ಕೈಕಾಲು ಆಡಂಗಿಲ್ಲ” ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು, ಆದರೆ ಪರೀಕ್ಷೆಯಲ್ಲಿ ಮರೆಯುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಹಾಡಿ ಹೊಗಳಿದ್ದು ನನ್ನ ಎದೆಯಲ್ಲೇ ಕಿತಾಪತಿ ಮಾಡೀತೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಹೋದ ಸುಗ್ಗಿಯಲ್ಲಿ ಮನೆಯ ಹಿಂದೆ ಕಡಲೆ ರಾಶಿ ನಡೆಯಿತು. ಮಷಿನ್ನು ಉಗುಳಿದ ಹೊಟ್ಟಿನ ದೂಳು ವಾರಗಟ್ಟಲೆ ಮನೆಯೊಳಗೇ ಇತ್ತು. ಕೆಮ್ಮು ಹತ್ತಿತು. ಆಮೇಲೆ ಕಾಲೇಜಿನ ಮೆಟ್ಟಿಲು ಹತ್ತಿದರೂ ಉಸಿರು ಸಾಲದಾಯಿತು. ತಮ್ಮನೇ ಗದಗಿಗೆ ಕರೆದುಕೊಂಡು ಹೋದ. ಕಫ ಪರೀಕ್ಷೆ, ಸ್ಕ್ಯಾನು ಎಲ್ಲ ಆದವು. ಟಿಬಿ ಇಲ್ಲ, ದೂಳಿನಿಂದ ಶ್ವಾಸಕೋಶಕ್ಕೆ ಉರಿಯೂತ ಬಂದಿದೆ ಎಂದರು ಡಾಕ್ಟರು. ವರದಿಯನ್ನು ನನಗಿಂತ ಮೊದಲು ಓದಿ, “ಅಂಟೂ ರೋಗ ಅಲ್ಲಕ್ಕಾ, ಅರಾಮಿರು” ಎಂದವನೂ ಅವನೇ.

ರಜೆ ಹಾಕಿ ಕೂತವಳಿಗೆ ಓದುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕೋಶದೊಳಗೆ ಇರುವಷ್ಟು ಹೊತ್ತು ಎಟಿಪಿ ಅನ್ನವಂತೆ. ಕೋಶಕ್ಕೆ ಪೆಟ್ಟು ಬಿದ್ದು ಹೊರಗೆ ಸೋರಿತೋ, ಆಗ ಅದು ಅಪಾಯದ ಕೂಗು. ಶ್ವಾಸಕೋಶವನ್ನು ಕಾಯುವ ಮ್ಯಾಕ್ರೊಫೇಜ್ ಕೋಶಗಳ ಮೈಮೇಲೆ ಆ ಕೂಗು ಕೇಳುವ ಬಾಗಿಲುಗಳಿವೆ. ಅವು ತೆರೆದವೆಂದರೆ ಒಳಗಿನಿಂದ ಉರಿಯೂತದ ರಾಸಾಯನಿಕಗಳು ಹೊರಬೀಳುತ್ತವೆ, ರಕ್ತದಲ್ಲಿರುವ ಬಿಳಿ ಕೋಶಗಳು ಗುಂಪುಗೂಡಿ ಓಡಿ ಬರುತ್ತವೆ. ಬಂದವು ನಮ್ಮದೇ ಮೈಯನ್ನೂ ಹರಿದುಹಾಕುತ್ತವೆ, ಅದರಿಂದ ಇನ್ನಷ್ಟು ಎಟಿಪಿ ಸೋರುತ್ತದೆ. ಸೋರಿದ್ದನ್ನು ಒಡೆದು ಸುಮ್ಮನಾಗಿಸುವ ಕಿಣ್ವಗಳೂ ಇವೆ. ಅವು ಸೋತರೆ ಗದ್ದಲ ನಿಲ್ಲುವುದೇ ಇಲ್ಲ. ಓದಿ ನನಗೆ ಸಿಟ್ಟೇ ಬಂತು. ನಮ್ಮ ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಅದೇ ಹೊತ್ತಿಗೆ ತಮ್ಮನ ಹೆಂಡತಿ ಗಜೇಂದ್ರಗಡದ ತವರಿನಲ್ಲಿ ಹೆಣ್ಣು ಹಡೆದಳು. ನಮ್ಮ ಕಡೆ ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳುತ್ತಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ತಮ್ಮನಿಗೆ ನಾನೊಬ್ಬಳೇ ಅಕ್ಕ. ನನಗೆ ಮಕ್ಕಳಿಲ್ಲ. ಆ ಗುದ್ದುಗಳಿಗಾಗಿ ನಾನು ಎಷ್ಟು ಕಾದಿದ್ದೆನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕರೆಯಲು ಬಂದ ತಮ್ಮನ ಅತ್ತೆ, ನಾನು ಕೆಮ್ಮುವುದನ್ನು ನೋಡಿ, “ಏನಾಗೇತ್ರಿ ನಿಮಗ?” ಎಂದರು. ದೂಳು ಅಂದಿದ್ದರೆ ಮುಗಿಯುತ್ತಿತ್ತು. ಮೇಷ್ಟರಗಿತ್ತಿಯ ಚಟ ಬಿಡಬೇಕಲ್ಲ! “ಎದಿಯಾಗ ಎಟಿಪಿ ಸೋರೇತ್ರಿ” ಎಂದು ಪಾಠ ಶುರು ಮಾಡಿದೆ. ಅವರು ಚಹಾ ಅರ್ಧಕ್ಕೇ ಇಟ್ಟು ಎದ್ದರು. ನನ್ನ ಪಾಠ ಬೇಸರವಾಯಿತೇನೋ ಅಂದುಕೊಂಡೆ.

ತೊಟ್ಟಿಲ ದಿನ ಬೆಳಗಿನ ಬಸ್ಸಿಗೇ ಹೋದೆ. ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದ್ದರು, ಒಂದೇ ಚಾಪೆ.

“ನೀವು ಇಲ್ಲೇ ಕುಂದರ್ರಿ,” ಅಂದರು ತಮ್ಮನ ಅತ್ತೆ. “ಟಿಬಿ ಅಂತೀರಿ, ಕೂಸು ಎಳೀದು.”

ನಾನು ನಕ್ಕುಬಿಟ್ಟೆ. “ಅಯ್ಯ, ಟಿಬಿ ಅಲ್ರಿ, ಎಟಿಪಿ! ಬೇಕಾದ್ರ ನನ್ನ ತಮ್ಮನ್ನ ಕೇಳ್ರಿ.”

“ಅಳ್ಯಾರನ್ನ ಅವತ್ತ ಕೇಳೇವ್ರಿ. ಅವರೇನು ಅಲ್ಲ ಅನ್ಲಿಲ್ಲ.”

ನನ್ನ ನಗು ಅಲ್ಲಿಗೇ ನಿಂತಿತು. ಆ ಹೆಂಗಸು ಕಿವಿಗೆ ಬಿದ್ದಷ್ಟು ಕೇಳಿಸಿಕೊಂಡು ಹೆದರಿದ್ದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಸೋರಿದ ಮಾತನ್ನು ಅಲ್ಲೇ ಒರೆಸಬಹುದಾಗಿದ್ದವನು ವರದಿ ಓದಿದ್ದ ತಮ್ಮನೊಬ್ಬನೇ.

ಒಳಗೆ ದೂರದ ಸಂಬಂಧದ ಯಾರೋ ಒಬ್ಬಳನ್ನು ಸೋದರತ್ತೆ ಮಾಡಿದರು. ಹೆಸರು ನನಗೆ ಕೇಳಿಸಲಿಲ್ಲ. ಗುದ್ದುಗಳು ಕೇಳಿಸಿದವು, ಅವಳ ಕೂಗೂ ಎಲ್ಲರ ನಗುವೂ ಕೇಳಿಸಿದವು.

ಸ್ವಲ್ಪ ಹೊತ್ತಿಗೆ ಕಾಗದದ ಕಪ್ಪಿನಲ್ಲಿ ಚಹಾ ಹಿಡಿದು ತಮ್ಮ ಬಂದ.

“ಕೇಳಿದಾಗ ಅಲ್ಲ ಅನ್ನಾಕ ಬಾಯಿ ಇರ್ಲಿಲ್ಲೇನೋ ನಿನಗ?”

“ಎಟಿಪಿ ಗಿಟಿಪಿ ಅಂತ ಅವರಿಗೆ ಹ್ಯಾಂಗ ತಿಳಿಸ್ಲಕ್ಕಾ? ನನ್ನ ಹೇಣ್ತಿನೂ ಭಾಳ ಅಂಜಿದ್ಲು. ಒಂದಿನದ ಮಾತಲಾ ಅಂತ ಸುಮ್ನಾದೆ.”

“ಟಿಬಿ ಅಲ್ಲ ಅನ್ನಾಕ ಎಟಿಪಿ ಯಾಕ ಬೇಕೋ?”

ಅಳು ಬರುತ್ತಿತ್ತು, ಆದರೂ ಇವನ ಮುಂದೆ ಅಳಬಾರದೆಂದು ಚಹಾಕ್ಕೆ ಕೈ ಚಾಚಿದೆ. ಅವನು ಕಪ್ಪನ್ನು ನನ್ನ ಕೈಗೆ ಕೊಡಲಿಲ್ಲ. ಕಟ್ಟೆಯ ತುದಿಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.