ಮೂಲೆ ಹರಿದ ಲಕೋಟೆ

ನಮ್ಮ ಹಳಿಯಾಳದ ಕಡೆ ಸಾವಿನ ಸುದ್ದಿ ಬರೆದ ಕಾಗದದ ಒಂದು ಮೂಲೆ ಹರಿದು ಅಂಚೆಗೆ ಹಾಕುತ್ತಿದ್ದರು. ಓದಲು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂದು. ಅಂಥ ಕಾಗದವನ್ನು ಹೊಸ್ತಿಲ ಒಳಗೆ ತರುವಂತಿಲ್ಲ. ಹೊರಗೇ ಓದಿಸಿ, ಹೊರಗೇ ಹರಿದು ಹಾಕಬೇಕು. ಇದೆಲ್ಲ ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು.

ಅರವತ್ತರ ದಶಕದ ಆರಂಭ. ನಾನು ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ಅಪ್ಪನ ಕಾಳಿನ ಅಂಗಡಿಗೆ ಪೊಟ್ಟಣ ಕಟ್ಟಲು ಬಂದ ರದ್ದಿಯಲ್ಲಿ ವಾರದ ಹಿಂದಿನ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ವಿಮಾನದ ಕೆಲಸಕ್ಕೆ ಹುಡುಗಿಯರು ಬೇಕೆಂಬ ಜಾಹೀರಾತು. ಮ್ಯಾಟ್ರಿಕ್ ಆಗಿರಬೇಕು, ಇಂಗ್ಲಿಷ್ ಹಿಂದಿ ಮಾತಾಡಲು ಬರಬೇಕು, ಕನ್ನಡಕ ಇರಬಾರದು, ಎತ್ತರಕ್ಕೆ ತಕ್ಕ ತೂಕವಿರಬೇಕು, ಮದುವೆ ಆಗಿರಬಾರದು. ಅವರು ಕೇಳಿದ್ದೆಲ್ಲ ನನ್ನಲ್ಲಿತ್ತು. ಶಾಲೆಯ ಹಿಂದಿಯಲ್ಲಿ ನಾಲಗೆ ಹೊರಳುತ್ತಿರಲಿಲ್ಲ ನಿಜ, ಆದರೆ ಪಕ್ಕದ ಮನೆಯ ಮೋಟಾರ್ ಮೆಕ್ಯಾನಿಕ್‌ನ ಹೆಂಡತಿಯ ಜೊತೆ ಉರ್ದುವಿನಲ್ಲಿ ಜಗಳವಾಡುವಷ್ಟು ಪಳಗಿದ್ದೆ. ತೂಕ ನೋಡಲು ಅಂಗಡಿಯ ಭತ್ತದ ತಕ್ಕಡಿಯಲ್ಲೇ ಕುಳಿತೆ.

ಅಪ್ಪ ಕಲ್ಲು ಇಡುತ್ತ ನಕ್ಕ. “ವಿಮಾನದಾಗ ಚಾ ಕೊಡಾಕ ಮ್ಯಾಟ್ರಿಕ್ ಯಾಕ ಬೇಕವಾ? ನಮ್ಮ ಬಸ್ ಸ್ಟ್ಯಾಂಡಿನಾಗ ಚಾ ಮಾಡಾಂವಗ ಸಹಿ ಮಾಡಾಕೂ ಬರೂದಿಲ್ಲ. ಏನ್ ಛಲೋ ಚಾ ಮಾಡ್ತಾನ!”

ನಾನು ಮೂರು ದಿನ ಊಟ ಬಿಟ್ಟ ಮೇಲೆ ಅಪ್ಪ ದಾರಿಗೆ ಬಂದ. ಆದರೆ ಕರಾರು ಹಾಕಿದ. “ದಸರಾದ ಒಳಗ ಅವರ ಕಾಗದ ಬಂದ್ರ ನಾನ ಮುಂಬಯಿಗೆ ಕರಕೊಂಡ ಹೋಗ್ತೇನಿ. ಬರಲಿಲ್ಲಂದ್ರ ಮುಂಡಗೋಡದ ಸಂಬಂಧಕ್ಕ ಹೂಂ ಅಂತೇನಿ. ಆಮ್ಯಾಲೆ ಅಳಬ್ಯಾಡ.”

ಅರ್ಜಿಯ ಜೊತೆ ನಮ್ಮ ವಿಳಾಸ ಬರೆದು ಸ್ಟ್ಯಾಂಪು ಹಚ್ಚಿದ ಲಕೋಟೆಯನ್ನೂ ಇಡಬೇಕಿತ್ತು. ಗಡಿಬಿಡಿಯಲ್ಲಿ ಸ್ಟ್ಯಾಂಪನ್ನು ಎಡಮೂಲೆಗೆ ಹಚ್ಚಿಬಿಟ್ಟೆ. ಒಳ್ಳೆಯ ಸ್ಟ್ಯಾಂಪನ್ನಾಗಲಿ ಒಳ್ಳೆಯ ಲಕೋಟೆಯನ್ನಾಗಲಿ ಹಾಳುಮಾಡುವ ಮನೆ ನಮ್ಮದಲ್ಲ. ಕೀಳಲು ಹೋದರೆ ಲಕೋಟೆಯ ಆ ಮೂಲೆಯೂ ಹರಿದು ಬಂತು. ಸ್ಟ್ಯಾಂಪನ್ನು ಅನ್ನದ ಅಗುಳಿನಿಂದ ಬಲಕ್ಕೆ ಹಚ್ಚಿದೆ. ಇಂಗ್ಲಿಷ್ ವಿಳಾಸದ ಲಕೋಟೆ, ಮುಂಬಯಿಗೆ ಹೋಗಿ ಬರುವುದು. ಅದಕ್ಕೆ ನಮ್ಮೂರ ರೂಢಿ ಅಂಟೀತೆಂದು ನನಗೆ ಹೊಳೆಯಲೇ ಇಲ್ಲ. ಮ್ಯಾಟ್ರಿಕ್ ಪಾಸಾದವಳ ಬುದ್ಧಿ ಅದು!

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆ ಮಳೆಗಾಲ ಆಯಿಯ ಜೀವವೆಲ್ಲ ಮಗಳ ಮೇಲಿತ್ತು. ಮಗಳು, ಎಂದರೆ ನನ್ನ ಅತ್ತಿ, ಮುಂಡಗೋಡದ ಹತ್ತಿರದ ಪಾಳಾದಲ್ಲಿ ದಿನ ತುಂಬಿದ ಬಸುರಿ. ಹಿಂದಿನ ಹೆರಿಗೆಯಲ್ಲೇ ಸತ್ತು ಬದುಕಿದವಳು. ದಾರಿ ಕೆಟ್ಟು ಬಸ್ಸು ನಿಂತು, ಆ ಕಡೆಯ ಸುದ್ದಿಯೇ ಅಪರೂಪವಾಗಿತ್ತು. ಹುಟ್ಟುವ ಕೂಸಿಗೆಂದು ಆಯಿ ಹಗಲೆಲ್ಲ ಕಟ್ಟೆಯ ಮೇಲೆ ಕುಳಿತು ಹಳೆ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಪಕ್ಕದ ಮನೆಯಿಂದ ಬಂದಾಗ ಕಟ್ಟೆಯ ಮೇಲೆ ಕೌದಿ ಇರಲಿಲ್ಲ. ಆಯಿ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದಳು.

“ನನಗ ಕಾಗದ ಬಂತೇನು ಆಯಿ?”

“ನಿನಗ ಇಲ್ಲವ್ವಾ,” ಎಂದಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಅವಳು ಕೌದಿಯ ಸೂಜಿ ಮುಟ್ಟಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ನಾನು ದಿನವೂ ಕಾಗದ ಬಂತೇ ಎಂದು ಕೇಳುತ್ತಿದ್ದೆ, ದಿನವೂ ಅವಳು ಹಿತ್ತಿಲ ಕಡೆ ನೋಡುತ್ತಿದ್ದಳು. ಅಪ್ಪ ಏನಾಯಿತೆಂದು ಕೇಳಿದರೆ, “ವಯಸ್ಸಾತು” ಎನ್ನುತ್ತಿದ್ದಳು. ನನಗೆ ಹೆದರಿಕೆ ಹತ್ತಿತು. ನನ್ನ ವಿಮಾನ ಬೀಳುವುದು ಅವಳಿಗೆ ಹೇಗೋ ಮೊದಲೇ ತಿಳಿದಿದೆ ಎಂದುಕೊಂಡೆ. ಆದರೂ ಕಾಗದ ಬರಲಿ ಎಂದೇ ಬೇಡಿಕೊಂಡೆ.

ದಸರೆ ಬಂತು. ಸಂಜೆ ಬನ್ನಿ ಕೊಟ್ಟು, “ಬಂಗಾರದಂಗ ಇರೂಣು ಆಯಿ,” ಎಂದು ಕಾಲಿಗೆರಗಿದೆ. ಎಲೆ ಅವಳ ಕೈಯಿಂದ ಜಾರಿ ಬಿತ್ತು. ಮರುದಿನ ಬೆಳಿಗ್ಗೆ ಅಪ್ಪ ಮುಂಡಗೋಡಕ್ಕೆ ಹೂಂ ಎಂದು ಹೇಳಿ ಕಳಿಸಿದ. ಮಾತಿಗೆ ತಪ್ಪುವವನಲ್ಲ ಎಂಬುದೇ ಅವನ ದೊಡ್ಡ ಗುಣವಾಗಿತ್ತು. ಆ ಗುಣವನ್ನು ನಾನು ಅವತ್ತು ಮನಸಾರೆ ಶಪಿಸಿದೆ.

ನಿಶ್ಚಯದ ದಿನ ಮಾತುಕತೆ ಮುಗಿದು, ಸಕ್ಕರೆ ಹಂಚಿ, ಗಂಡಿನವರು ಹೊರಟರು. ಅವರು ಹೋದ ಬೆನ್ನಿಗೇ ಅತ್ತಿ ಬಂದಳು. ಮುಂಡಗೋಡದವರಿಂದ ಸುದ್ದಿ ಕೇಳಿ ಹೊರಟವಳಿಗೆ ದಾರಿಯಲ್ಲಿ ಬಸ್ಸು ಕೆಟ್ಟು ತಡವಾಗಿತ್ತಂತೆ. ಬಗಲಲ್ಲಿ ಕೂಸು, ಕೈಯಲ್ಲಿ ಬುತ್ತಿ. ಕಟ್ಟೆಯ ಮೇಲಿದ್ದ ಆಯಿ ಚೀರಿದ ಚೀರಿಗೆ ಓಣಿಯವರೆಲ್ಲ ಹೊರಗೆ ಬಂದರು. ಅವಳು ಮಗಳ ಮುಖ, ಕೊರಳು, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

“ಅದೀಯೇನ ನನ್ನವ್ವಾ? ಅದೀಯೇನ?”

ಆಮೇಲೆ ಹಿತ್ತಿಲಿಗೆ ಹೋಗಿ, ದನದ ಕೊಟ್ಟಿಗೆಯ ಸೂರಿನ ಸಂದಿಯಿಂದ ಒಂದು ಲಕೋಟೆ ಎಳೆದು ತಂದಳು. ಹೊಗೆ ಹಿಡಿದು ಕಂದಾಗಿತ್ತು, ಇನ್ನೂ ಒಡೆದಿರಲಿಲ್ಲ. ಅಂಚೆಯವನು ಅದನ್ನು ಕಟ್ಟೆಯ ಮೇಲಿಟ್ಟು ಮಾತಾಡದೆ ಹೋಗಿದ್ದನಂತೆ. ಓದಿಸಿದರೆ ಮಗಳ ಸಾವು ಖರೆ ಆಗುತ್ತದೆಂದು ಓದಿಸಿರಲಿಲ್ಲ. ಮನೆಯೊಳಗೆ ತರುವಂತೆಯೂ ಇರಲಿಲ್ಲ.

“ಹಂಗಾದ್ರ ಇದರಾಗ ಯಾರು ಸತ್ತಾರ ನೋಡಪಾ,” ಎಂದು ಅಪ್ಪನಿಗೆ ಕೊಟ್ಟಳು.

ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಲಕೋಟೆ ನನ್ನ ಕೈಗೆ ಬಂತು. ಮೇಲಿದ್ದದ್ದು ನನ್ನದೇ ಅಕ್ಷರ. ಮ್ಯಾಟ್ರಿಕ್ಕಿನ ಮೂಲ ಸರ್ಟಿಫಿಕೇಟಿನೊಂದಿಗೆ ಮುಂಬಯಿಗೆ ಸಂದರ್ಶನಕ್ಕೆ ಬರಬೇಕೆಂದು ಒಳಗಿತ್ತು. ಆ ದಿನ ದಸರೆಗೆ ಮೊದಲೇ ದಾಟಿಹೋಗಿತ್ತು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. “ಯಾರವ್ವಾ?” ಎಂದಳು ಆಯಿ.

“ಯಾರೂ ಇಲ್ಲ ಆಯಿ,” ಎಂದೆ.

ಸಂಜೆ ಅಪ್ಪ ಅಂಗಡಿಯಲ್ಲಿ ಒಬ್ಬನೇ ಕೂತಿದ್ದಾಗ ಹೋಗಿ ಕಾಗದದಲ್ಲಿದ್ದುದನ್ನು ಹೇಳಿದೆ. ಅವನು ಬಹಳ ಹೊತ್ತು ತಕ್ಕಡಿಯ ಕಲ್ಲುಗಳನ್ನು ಎತ್ತಿ ಇಟ್ಟು ಮಾಡಿದ. “ಮಾತು ಕೊಟ್ಟಾಗೇತಿ,” ಎಂದ. ಸುದ್ದಿ ಆಯಿಯ ಕಿವಿಗೂ ಬಿತ್ತು. ಎದೆ ಬಡಿದುಕೊಂಡು ಅತ್ತಳು. ಮೂಲೆ ಹರಿದ ಅಂಚೆಯವರಿಗೆ ಹಿಡಿಶಾಪ ಹಾಕಿದಳು. “ಟಪಾಲು ಬರೂವಾಗ ಬಸ್ಸಿನಾಗ ಹರದಿರಬೇಕು,” ಎಂದೆ. ನಾಲಗೆ ತಡವರಿಸಲಿಲ್ಲ.

ಮುಂದೆ ತವರಿಗೆ ಹೋದಾಗಲೆಲ್ಲ ಅವಳು ನನ್ನ ಕೈ ಹಿಡಿದು, “ನಿನ್ನ ಬಾಳೇವು ನಾನ ಕೆಡಿಸಿದೆ,” ಎನ್ನುತ್ತಿದ್ದಳು. ನನ್ನ ಬಾಳೇವು ಕೆಟ್ಟಿರಲಿಲ್ಲ, ಹಾಗೆಂದು ಹೇಳುತ್ತಿದ್ದೆ. ಲಕೋಟೆ ಹರಿದವಳು ನಾನೆಂದು ಮಾತ್ರ ಹೇಳಲಿಲ್ಲ. ಅವಳೇ ತಪ್ಪಿತಸ್ಥಳಾಗಿದ್ದರೆ ನನಗೆ ಹಗುರ, ಅಷ್ಟೇ ಕಾರಣ.

ಆಯಿ ತೀರಿಕೊಂಡಾಗ ಪಡಸಾಲೆಯಲ್ಲಿ ಅವಳನ್ನು ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ ಹೂ ಹಾಕಿದ್ದರು. ಮನೆಯಲ್ಲಿ ಹೆಚ್ಚು ಓದಿದವಳು ನಾನೇ ಎಂದು ದೂರದ ನೆಂಟರಿಗೆ ಬರೆಯುವ ಕಾರ್ಡುಗಳನ್ನು ಅಪ್ಪ ನನಗೇ ಕೊಟ್ಟ. ಕಟ್ಟೆಯ ಮೇಲೆ ಕುಳಿತು ಬರೆದೆ. ಒಂದೊಂದಾಗಿ ಎತ್ತಿಕೊಂಡು ಎಡಮೂಲೆ ಹರಿಯತೊಡಗಿದೆ. ಕೊನೆಯದನ್ನು ಹರಿದಾದ ಮೇಲೆ ಎಲ್ಲವನ್ನೂ ಕಟ್ಟೆಯ ಮೇಲೇ ಬಿಟ್ಟು ಒಳಗೆ ಹೋಗಿ ಅವಳ ಕಿವಿಯ ಹತ್ತಿರ ಬಾಗಿ, “ಆಯಿ, ಅದನ್ನೂ ನಾನ ಹರದಿದ್ದೆ,” ಎಂದೆ. ಅತ್ತಿ ನನ್ನ ಭುಜ ಹಿಡಿದು ಎಬ್ಬಿಸಿ, ಹೊತ್ತಾಯಿತು, ಕಾರ್ಡು ಅಂಚೆಗೆ ಕಳಿಸು ಎಂದಳು.