ಸೂರ್ಯ ಮುಳುಗುವ ಮೊದಲು ಮೂರು ಬಟ್ಟಲು

ಸೈನ್ಯಕ್ಕೆ ಸೇರಬೇಕೆಂದು ನಾನು ನಿಶ್ಚಯಿಸಿದ್ದು ಚೀನಾದೊಡನೆ ಯುದ್ಧವಾದ ಮರುವರ್ಷ, ಮೂಡುಬಿದಿರೆಯ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ. ಸಾದಾ ಸಿಪಾಯಿಯಾಗಿ ಅಲ್ಲ, ಅಧಿಕಾರಿಯಾಗಿ. ಸಿದ್ಧಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನನ್ನ ಮಟ್ಟಿಗೆ ಅಧಿಕಾರಿಯೆಂದರೆ ಮುಂದೆ ನಿಂತು ಕೂಗುವವನು. ಶಾಲೆಯ ಕೆಡೆಟ್ ದಳಕ್ಕೆ ನಾನು ನಾಯಕನಾಗಿದ್ದೆ. ತೋಳಿನಲ್ಲಿ ಪಟ್ಟಿ ಇತ್ತು, ಗಂಟಲು ಗಟ್ಟಿಯಿತ್ತು. ಇನ್ನೇನು ಬೇಕು ಎಂದುಕೊಂಡಿದ್ದೆ.

ಆ ಡಿಸೆಂಬರಿನಲ್ಲಿ ಪಾಣೆಮಂಗಳೂರಿನ ಹತ್ತಿರ, ಹೊಳೆಯ ಬದಿಯ ಒಣ ಗದ್ದೆಗಳಲ್ಲಿ ಡೇರೆ ಹಾಕಿ ಹತ್ತು ದಿನಗಳ ಶಿಬಿರ ಮಾಡಿದರು. ನಾಲ್ಕಾರು ಶಾಲೆಗಳ ಕೆಡೆಟ್‌ಗಳು ಬಂದಿದ್ದರು. ಕೊನೆಯ ದಿನ ಮಂಗಳೂರಿನಿಂದ ಒಬ್ಬ ಅಧಿಕಾರಿ ಬಂದು ಕವಾಯತು ನೋಡುವುದು, ನಾಯಕರಲ್ಲಿ ಒಬ್ಬನನ್ನು ಆರಿಸಿ ಅಧಿಕಾರಿ ತರಬೇತಿಯ ತರಗತಿಗೆ ಶಿಫಾರಸು ಮಾಡುವುದು ಎಂದು ಗೊತ್ತಾಗಿತ್ತು. ಒಬ್ಬನನ್ನು ಮಾತ್ರ. ಆ ಒಬ್ಬ ನಾನೇ ಎಂದು ಮನೆಯಲ್ಲಿ ಹೇಳಿಯೂ ಬಂದಿದ್ದೆ.

ನನ್ನ ದಳದಲ್ಲಿ ಮೂವರು ಜೈನರ ಮನೆಯ ಹುಡುಗರಿದ್ದರು. ಮೂಡುಬಿದಿರೆಯಲ್ಲಿ ಓದಿದವರಿಗೆಲ್ಲ ತಿಳಿದ ಸಂಗತಿ: ಅವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದರೆ ಐದೂವರೆಗೇ ಬಟ್ಟಲು ಇಡುತ್ತಿದ್ದರು, ನಾನೂ ಕೂತು ಉಂಡು, ಊರಿಗೆ ಬಂದು ಮತ್ತೊಮ್ಮೆ ಉಣ್ಣುತ್ತಿದ್ದೆ. ಶಿಬಿರದಲ್ಲಿ ರಾತ್ರಿಯ ಊಟ ಹಾಜರಿ ಕರೆದ ಮೇಲೆ, ಏಳೂವರೆಗೆ. ಮೂವರೂ ನೀರು ಕುಡಿದು ಮಲಗುತ್ತಿದ್ದರು. ನಾನು ನೋಡುತ್ತಿದ್ದೆ. ಉಸಿರಾಡುವುದನ್ನು ಯಾರಾದರೂ ಹೋಗಿ ವರದಿ ಮಾಡುತ್ತಾರೆಯೇ? ಅಷ್ಟು ಮಾಮೂಲಿಯಾಗಿ ನೋಡುತ್ತಿದ್ದೆ.

ಮೂರನೆಯ ಬೆಳಿಗ್ಗೆ ಮರಳಿನ ಮೇಲೆ ಓಡಿಸುವಾಗ ಮೂವರಲ್ಲಿ ಒಬ್ಬ ಕುಸಿದು ಬಿದ್ದ. ನಮಗೆ ಕವಾಯತು ಕಲಿಸುತ್ತಿದ್ದ ಹವಿಲ್ದಾರರು ಕೊಡಗಿನವರು, ಕಡಿಮೆ ಮಾತಿನ ಮನುಷ್ಯ. ಅವನ ಮುಖಕ್ಕೆ ನೀರು ಹಾಕಿ, ಸಂಗತಿ ಕೇಳಿ ತಿಳಿದುಕೊಂಡು, ನನ್ನ ಕಡೆ ತಿರುಗಿದರು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್. ಅವರು ಊಟ ಬೇಕು ಅಂತ ಕೇಳಲಿಲ್ಲ.”

“ಕೇಳಿದ ಮೇಲೆ ಕೊಡ್ಲಿಕ್ಕೆ ಅಂಗಡಿಯವನು ಸಾಕು. ನೀನು ಯಾಕೆ?”

ಅಂದಿನಿಂದ ನನಗೆ ಹೊಸ ಕೆಲಸ ಬಿತ್ತು. ದಿನಾ ಸಂಜೆ ಐದಕ್ಕೆ ಕವಾಯತಿನಿಂದ ಹೊರಬಿದ್ದು, ಆ ಮೂವರಿಗೆ ಅಡುಗೆಯಾಗುವಂತೆ ನೋಡಿ, ಸೂರ್ಯ ಮುಳುಗುವ ಮೊದಲು ನನ್ನ ಕೈಯಾರೆ ಬಡಿಸಬೇಕು. ಆಮೇಲೆ ಇಡೀ ಶಿಬಿರದ ಊಟವಾದ ಮೇಲೆ ನಾನು ಉಣ್ಣಬೇಕು. ಅದೇ ಒಂದು ಗಂಟೆಯಲ್ಲಿ ಉಳಿದ ನಾಯಕರು ಸರದಿಯಂತೆ ಮುಂದೆ ನಿಂತು ಕೂಗುವುದನ್ನು ಕಲಿಯುತ್ತಿದ್ದರು. ಬಂಟ್ವಾಳದ ಒಬ್ಬನ ಸ್ವರವಂತೂ ಆಚೆ ದಡಕ್ಕೆ ಕೇಳುತ್ತಿತ್ತು. ನಾನು ಬೇಳೆ ಬೆಂದಿತೇ ಎಂದು ನೋಡುತ್ತ ಕೂತಿದ್ದೆ.

ಅಡುಗೆಯವರು ಬೆಳ್ತಂಗಡಿಯ ಕಡೆಯವರು, ಮದುವೆ ಮನೆಗಳಲ್ಲಿ ಪಳಗಿದ ಕೈ. ಅವರ ಒಲೆ ಐದೂವರೆಗಿಂತ ಮೊದಲು ಉರಿದ ದಾಖಲೆಯಿಲ್ಲ. ಅವಸರ ಮಾಡಿದರೆ, “ಸೂರ್ಯನಿಗೆ ಸ್ವಲ್ಪ ನಿಲ್ಲಲಿಕ್ಕೆ ಹೇಳಿ ಬಾ,” ಎನ್ನುತ್ತಿದ್ದರು. ಕೊನೆಗೆ ನಾನೇ ಸೌದೆ ಒಡೆದು ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಹೂಡಿದೆ. ಅಷ್ಟರಲ್ಲಿ ಇನ್ನೊಂದು ತಕರಾರು ಹುಟ್ಟಿತು. ಶಿಬಿರದ ಪಲ್ಯ, ಸಾಂಬಾರು ಎಲ್ಲದರಲ್ಲೂ ಬಟಾಟೆ ಮತ್ತು ನೀರುಳ್ಳಿ. ನೆಲದೊಳಗೆ ಬೆಳೆದದ್ದನ್ನು ಅವರು ಮುಟ್ಟುವುದಿಲ್ಲ. ಅದೂ ನನಗೆ ಗೊತ್ತಿದ್ದದ್ದೇ, ಅದನ್ನೂ ಹೇಳಿರಲಿಲ್ಲ. ಮಧ್ಯಾಹ್ನದ ವಿರಾಮದಲ್ಲಿ ಪೇಟೆಗೆ ನಡೆದು ಸೌತೆಕಾಯಿ, ಅಲಸಂಡೆ ತಂದೆ. ದೇಶ ಕಾಯಲು ಹೊರಟವನು ಅಲಸಂಡೆ ಮುರಿಯುತ್ತ ಕೂತಿದ್ದೇನೆಂದು ಹೊಟ್ಟೆ ಉರಿಯುತ್ತಿತ್ತು.

ಉಣ್ಣುವವರ ಮೇಲೆ ಸಿಟ್ಟು ತೀರಿಸೋಣವೆಂದರೆ ಅವರೋ ಸಾಧುಗಳು. ತಡವಾದರೆ ಪರವಾಗಿಲ್ಲ, ಸಾರಿಗೆ ಉಪ್ಪು ಹಾಕಲು ಮರೆತರೆ ಪರವಾಗಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಕೊನೆಯ ದಿನ ಕವಾಯತು ಮೂರಕ್ಕೆಂದು ಗೊತ್ತಾಗಿತ್ತು. ನಾಲ್ಕೂವರೆಗೆ ಮುಗಿಯುತ್ತದೆ, ಐದಕ್ಕೆ ಬಡಿಸಬಹುದು ಎಂದು ಲೆಕ್ಕ ಹಾಕಿ, ಬೆಳಿಗ್ಗೆಯೇ ಬೂಟು ಉಜ್ಜಿ ಇಟ್ಟಿದ್ದೆ. ಅಧಿಕಾರಿಯ ಜೀಪು ಎಲ್ಲೋ ಕೆಟ್ಟು ನಿಂತಿತಂತೆ. ಅವರು ಬಂದಾಗ ಐದು ದಾಟಿತ್ತು. ದಳಗಳು ಸರದಿಯಲ್ಲಿ ನಡೆಯಬೇಕು, ನಮ್ಮದು ಕೊನೆಯದು. ಆರಕ್ಕೆ ಹೊತ್ತು ಮುಳುಗುತ್ತದೆ.

ನಾನು ಹವಿಲ್ದಾರರ ಹತ್ತಿರ ಓಡಿದೆ. ಇವತ್ತು ಒಂದು ದಿನ ಊಟ ಬಿಟ್ಟರೆ ಆಗುತ್ತದೆಯೇ ಎಂದು ಕೇಳಿದೆ.

“ನನ್ನನ್ನು ಯಾಕೆ ಕೇಳ್ತೀ? ಹಸಿಯುವವರನ್ನು ಕೇಳು.”

ಕೇಳಿದೆ. ಮೂವರೂ ಒಟ್ಟಿಗೆ ಹೇಳಿದರು: “ಪರವಾಗಿಲ್ಲ ಮಾರಾಯ, ನೀನು ಹೋಗು. ನಮಗೆ ಅಭ್ಯಾಸ ಉಂಟು.”

ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರು ಹಟ ಹಿಡಿದಿದ್ದರೆ, ಒಬ್ಬನಾದರೂ ಮುಖ ಊದಿಸಿದ್ದರೆ, ನಾನು ತಿರುಗಿ ನೋಡದೆ ಮೈದಾನಕ್ಕೆ ಹೋಗುತ್ತಿದ್ದೆ. ಮೊದಲು ಮರಳಿನ ಮೇಲೆ ಕುಸಿದು ಬಿದ್ದಿದ್ದ ಹುಡುಗ ನನ್ನ ಟೋಪಿಯ ಮೇಲಿದ್ದ ಧೂಳನ್ನು ಬೇರೆ ಒರೆಸಿ ಕೊಟ್ಟ. ಅದನ್ನು ತಲೆಗಿಟ್ಟುಕೊಂಡು ಹತ್ತು ಹೆಜ್ಜೆ ಹೋದೆ. ಮತ್ತೆ ತಿರುಗಿ ಬಂದೆ. ಯಾಕೆ ಬಂದೆ ಎಂದು ಅಂದೇ ನನ್ನನ್ನು ಬೈದುಕೊಂಡೆ. ನಮ್ಮ ಸರದಿ ಬಂದಾಗ ದಳವನ್ನು ನಡೆಸಲು ಬಂಟ್ವಾಳದವನಿಗೆ ಹೇಳಿ, ಮೂವರನ್ನೂ ಸಾಲಿನಿಂದ ಬಿಡಿಸಿಕೊಂಡು ಅಡುಗೆಯ ಡೇರೆಗೆ ನಡೆದೆ.

ಅನ್ನ ಬಡಿಸುವಾಗ ನನ್ನ ದಳದ ಬೂಟುಗಳ ಸದ್ದು ಕೇಳುತ್ತಿತ್ತು. ನಾನು ಹೇಳಿಕೊಟ್ಟ ಹೆಜ್ಜೆ, ಅವನ ಗಂಟಲು. ಎಡಕ್ಕೆ ತಿರುಗುವಾಗ ಒಂದೇ ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ನನ್ನ ಕೈಯಲ್ಲಿ ಸೌಟು. ಕಣ್ಣಲ್ಲಿ ನೀರು ಬಂತು, ಒಲೆಯ ಹೊಗೆಯೆಂದು ಹೇಳಿದೆ. ಮೂವರೂ ತಲೆ ತಗ್ಗಿಸಿ ಬೇಗ ಬೇಗ ಉಂಡರು. ಅವರು ಕೈ ತೊಳೆಯುವಾಗ ಹೊಳೆಯ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು.

ಶಿಫಾರಸು ಬಂಟ್ವಾಳದವನಿಗೆ ಹೋಯಿತು. ಅಧಿಕಾರಿಯ ಜೀಪು ಹೊರಟ ಮೇಲೆ ನಾನು ಹವಿಲ್ದಾರರ ಮುಂದೆ ನಿಂತು, ನನ್ನ ತಪ್ಪೇನು ಎಂದು ಕೇಳಿಯೇಬಿಟ್ಟೆ.

“ತಪ್ಪಿಲ್ಲ. ಅವರು ಕಂಡದ್ದನ್ನು ಬರೆದರು. ನೀನು ಅವರಿಗೆ ಕಾಣಲಿಲ್ಲ.”

“ನೀವು ಒಂದು ಮಾತು ಹೇಳಬಹುದಿತ್ತಲ್ಲ ಸಾರ್.”

“ಹೇಳಿದೆ. ಅದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲ ಅಂದರು.”

ಅಷ್ಟು ಹೇಳಿ ಅವರು ನನ್ನನ್ನು ಅಡುಗೆಯ ಡೇರೆಗೆ ಕರೆದುಕೊಂಡು ಹೋದರು. ಶಿಬಿರದ ಊಟ ಮುಗಿದಿತ್ತು. ನನ್ನನ್ನು ಕೂರಿಸಿ, ತಣ್ಣಗಾದ ಅನ್ನವನ್ನು ತಾವೇ ಬಡಿಸಿ, ನಾನು ಎರಡನೆಯ ಸಲ ಹಾಕಿಸಿಕೊಳ್ಳುವವರೆಗೂ ನಿಂತೇ ಇದ್ದರು. ತಮ್ಮ ಬಟ್ಟಲಿಗೆ ಬಡಿಸಿಕೊಂಡದ್ದು ಆಮೇಲೆ. ಹತ್ತು ದಿನ ಅವರು ನನಗಿಂತ ಮೊದಲು ಉಂಡದ್ದನ್ನು ನಾನು ಕಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ಸಿಟ್ಟು ಇಳಿಯಲಿಲ್ಲ. ಅದನ್ನು ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯದೆ ಹೋಯಿತು.

ಎರಡು ವರ್ಷಗಳ ಮೇಲೆ ಮಂಗಳೂರಿಗೆ ಹೋಗಿ, ಬನಿಯನ್ ಕಳಚಿ ಸಾಲಿನಲ್ಲಿ ನಿಂತು, ಸಾದಾ ಸಿಪಾಯಿಯಾಗಿಯೇ ಸೇರಿದೆ. ಎತ್ತರ, ತೂಕ, ಎದೆಯ ಸುತ್ತಳತೆ ಅಳೆದು ಬರೆದುಕೊಂಡರು. ಬೇರೆ ಏನಾದರೂ ಹೇಳುವುದಿದೆಯೇ ಎಂದು ಬರೆಯುವವರು ಕೇಳಿದರು. ಇಲ್ಲ ಎಂದೆ.