ಏಳು ಬೀಗದ ವಾಡೆಯ ಹರಕೆ

ಏಳನೆಯ ತಿಂಗಳ ಬಸುರಿಯ ಕುಬಸ ಮುಗಿಸಿಕೊಂಡು ರಾಯಚೂರಿನ ಗಂಡನ ಮನೆಯಿಂದ ನಾನು ತವರು ಮಾನ್ವಿಗೆ ಬಂದಾಗ ನಮ್ಮವ್ವ ಉಮಾದೇವಿ ಹಿಗ್ಗಲಿಲ್ಲ, ಹೆದರಿದಳು. ಇಪ್ಪತ್ತೈದು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಗುಮ್ಮ ಇಲ್ಲವೆಂದು ಹೇಳಿಕೊಟ್ಟವಳು! ಕಾರಣ ಕೇಳಿದರೆ, "ಒಂದು ಹರಕಿ ಉಳದದ, ಶಶಿ" ಅಂದಳು.

ಹರಕೆ ಯಾರಿಗಾಗಿ? ಟೀವಿ ಧಾರಾವಾಹಿಯ ಒಬ್ಬ ಸೊಸೆಗಾಗಿ!

ನಾನು ಅವ್ವನ ಹೊಟ್ಟೆಯಲ್ಲಿದ್ದ ವರ್ಷ ಓಣಿಯ ಹೆಂಗಸರೆಲ್ಲ ವಾರಕ್ಕೊಮ್ಮೆ ಸರ್ವರಿ ಬೇಗಂ ಚಾಚಿಯ ಮನೆಯಲ್ಲಿ 'ಏಳು ಬೀಗದ ವಾಡೆ' ನೋಡುತ್ತಿದ್ದರಂತೆ. ದೆವ್ವ ಓಡಾಡುವ ಹಳೆಯ ದೊಡ್ಡ ವಾಡೆಮನೆ, ಬಸುರಿ ಸೊಸೆಯನ್ನು ಮಾಳಿಗೆಯ ಕೋಣೆಯಲ್ಲಿ ಕೂಡಿಹಾಕಿದ ಅತ್ತೆ. ಅವ್ವ ಆ ಅತ್ತೆಗೆ ಬಾಯಿಗೆ ಬಂದಂತೆ ಬೈದು, ನೀರಮಾನ್ವಿ ಎಲ್ಲಮ್ಮನಿಗೆ ಬೇಡಿಕೊಂಡಳು: ಸೊಸೆ ಜೀವಂತ ಹೊರಗೆ ಬಂದರೆ ಅವಳ ಹೆಸರಿನಲ್ಲಿ ನಿನ್ನ ಉಡಿ ತುಂಬುತ್ತೇನೆ. ಕೊನೆಯ ಕಂತಿನ ದಿನ ನಾನು ಹುಟ್ಟಿದೆ. ಅವ್ವ ಆಸ್ಪತ್ರೆಯಲ್ಲಿ, ಓಣಿಯಲ್ಲಿ ಕರೆಂಟಿಲ್ಲ. ಸೊಸೆ ಏನಾದಳೋ ಯಾರಿಗೂ ಗೊತ್ತಾಗಲಿಲ್ಲ.

"ಸುಮ್ನ ಉಡಿ ತುಂಬಿ ಬಿಡಬೇಕಿತ್ತಿಲ್ಲೋ?" ಎಂದು ರೇಗಿದೆ.

"ಸತ್ತಿದ್ರ? ಸತ್ತಾಕಿ ಹೆಸರಿಲೆ ಉಡಿ ತುಂಬತಾರೇನು? ಬದುಕಿದ್ದು, ನಾ ತುಂಬಿಲ್ಲಂದ್ರ ದೇವಿ ಸಿಟ್ಟು ನಿನ್ನ ಮ್ಯಾಲೆ ಬರಬೇಕೇನು?"

ಅತ್ತ ದರಿ, ಇತ್ತ ಪುಲಿ. ನನ್ನ ಮೊದಲ ಬಸಿರು ನಿಲ್ಲದೆ ಹೋದದ್ದೂ ಅದಕ್ಕೇ ಎಂದು ಅವಳು ನಂಬಿದ್ದಳು. ಅದನ್ನು ಕೇಳಿದ ಮೇಲೆ ನನಗೆ ನಗಲಾಗಲಿಲ್ಲ.

ಫೋನಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮರು ಇಪ್ಪತ್ತಾರೂ ಕಂತುಗಳನ್ನು ಯೂಟ್ಯೂಬಿಗೆ ಹಾಕಿದ್ದರು. ದೇವದುರ್ಗದ ಮಗನ ಮನೆಯಲ್ಲಿದ್ದ ಚಾಚಿಯನ್ನೂ ಕರೆಸಿಕೊಂಡು ಮಧ್ಯಾಹ್ನಕ್ಕೆ ಎರಡರಂತೆ ನೋಡತೊಡಗಿದೆವು. ದೆವ್ವದ ಬಿಳಿ ಸೀರೆಯ ಕೆಳಗೆ ಹವಾಯಿ ಚಪ್ಪಲಿ ಕಂಡು ನಾನು ಬಿದ್ದು ಬಿದ್ದು ನಕ್ಕೆ. ಅವ್ವನ ಕಣ್ಣು ಮಾತ್ರ ಅತ್ತೆಯ ಮೇಲೆ. ಮೊದಮೊದಲು ಬೈದಳು, ಐದನೆಯ ಕಂತಿಗೆ ಸುಮ್ಮನಾದಳು, ಹತ್ತನೆಯದರ ಹೊತ್ತಿಗೆ ಚಾಚಿಯ ತೊಡೆ ತಟ್ಟಿದಳು.

"ಆಪಾ, ಆಕಿ ಕೈ ನೋಡ್ರಿ. ಬೀಗ ಹಾಕುವಾಗ ನಡಗಾಕತ್ತದ. ಬಾಯಿಲೆ ಜೋರು ಮಾಡತಾಳ, ಆದ್ರ ಸೊಸಿ ಮಾರಿ ನೋಡವಲ್ಲಳು. ಎಂಥಾ ನಟನಿ! ಆವಾಗ ನಮಗ ಕಾಣಲೇ ಇಲ್ಲಲ್ರಿ!"

"ಬೈಯೂದ್ರಾಗ ನೋಡೂದು ಎಲ್ಲಿತ್ತವ್ವಾ?" ಎಂದರು ಚಾಚಿ.

ಕೊನೆಯ ಕಂತಿನ ದಿನ ಅವ್ವ ಊಟ ಮಾಡಲಿಲ್ಲ. ವಾಡೆಗೆ ಬೆಂಕಿ ಬಿತ್ತು, ಮೆಟ್ಟಿಲ ತುಂಬ ಹೊಗೆ. ಬೀಗ ತೆಗೆದವಳು ಅತ್ತೆಯೇ. ಸೊಸೆಯ ಜಾರಿದ ಸೆರಗನ್ನು ಸರಿಮಾಡಿ, ಅವಳನ್ನು ಹೊರಗೆ ತಳ್ಳಿ, ತಾನು ಒಳಗೇ ಉಳಿದಳು. ಸೊಸೆ ಬಯಲಿಗೆ ಬಂದು ಬಿದ್ದಳು.

"ಬದುಕಿದ್ಲು! ಆಪಾ, ಬದುಕಿದ್ಲು!" ಎಂದು ಅವ್ವ ಚಾಚಿಯನ್ನು ತಬ್ಬಿಕೊಂಡು ಅತ್ತಳು. ನನಗೂ ಎದೆ ಹಗುರವಾಗಿ ಅಳು ಬಂತು. ಕಲಾವಿದರ ಹೆಸರು ಬರುವಾಗ ಅವ್ವ ಫೋನು ನಿಲ್ಲಿಸಲು ಹೇಳಿ, ಕನ್ನಡಕ ಏರಿಸಿಕೊಂಡು ಹೆಸರುಗಳನ್ನು ಒಂದೊಂದಾಗಿ ಓದಿದಳು.

ಮರುದಿನ ಬೆಳಿಗ್ಗೆ ಆಟೋದಲ್ಲಿ ನೀರಮಾನ್ವಿಗೆ ಹೋದೆವು. ಹಸಿರು ಕುಪ್ಪಸದ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲ ಇತ್ತು.

"ಯಾರ ಹೆಸರಿಲೆ, ಯವ್ವಾ?" ಎಂದ ಪೂಜಾರಿ.

ಸೊಸೆಯ ಹೆಸರು ಹೇಳುತ್ತಾಳೆಂದುಕೊಂಡಿದ್ದೆ.

"ಸುನಂದಾಬಾಯಿ" ಎಂದಳು ಅವ್ವ. ಅದು ಅತ್ತೆಯ ಪಾತ್ರ ಮಾಡಿದ ನಟಿಯ ಹೆಸರು. "ಎಲ್ಲೇ ಇರಲಿ, ತಣ್ಣಗಿರಲಿ. ಆಕಿಗೆ ನಾ ಭಾಳ ಬೈದೀನಿ."

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು. ನಾನು ತವರಿಗೆ ಬಂದು ಮೂರು ವಾರವಾದರೂ ಅವ್ವ ಒಮ್ಮೆಯೂ ನನ್ನ ಹೊಟ್ಟೆ ಮುಟ್ಟಿರಲಿಲ್ಲ. ಈಗ ಎರಡೂ ಕೈ ಇಟ್ಟಳು. ಒಳಗಿನಿಂದ ಒಂದು ಒದೆ ಬಿತ್ತು.

"ಯಪ್ಪಾ, ಭಾಳ ಜೋರ ಅದ!" ಎಂದಳು. ಕೈ ಮಾತ್ರ ತೆಗೆಯಲಿಲ್ಲ.